ಚುಚ್ಚಿದ್ದು ದನಕ್ಕೆ, ಉಳಿದದ್ದು ಕಾಡುಮೃಗ

ದೊಡ್ಡರೋಗ ನಮ್ಮ ಗಡಿಭಾಗದ ಹಿರಿಯರಿಗೆ ಇನ್ನೂ ನೆನಪಿರಬಹುದು. ದನದ ಬಾಯಲ್ಲಿ ಹುಣ್ಣು, ಮೂಗಲ್ಲಿ ಸಿಂಬಳ, ಕೊನೆಗೆ ಭೇದಿ. ನೋಡನೋಡುತ್ತಲೇ ಕೊಟ್ಟಿಗೆ ಬರಿದು. 1968ರಲ್ಲಿ ಬಂಡೀಪುರ, ಮುದುಮಲೈ ಕಾಡಿನ ಕಾಟಿಗಳೂ ಇದಕ್ಕೆ ಬಲಿಯಾದವು. ಇದೇ ರೋಗದ ಇನ್ನೊಂದು ಕಥೆ ಆಫ್ರಿಕದ ತಾಂಜಾನಿಯದಲ್ಲಿದೆ.

ಅಲ್ಲಿನ ಸೆರೆಂಗೆಟಿ ಬಯಲಿನಲ್ಲಿ ವೈಲ್ಡ್‌ಬೀಸ್ಟ್ ಎಂಬ ಪ್ರಾಣಿಯಿದೆ. ಜಾತಿಯಲ್ಲಿ ಹುಲ್ಲೆ, ಮೋರೆ ಮಾತ್ರ ದನದ್ದು. ಮಳೆ ಬಿದ್ದು ಹುಲ್ಲು ಚಿಗುರಿದ ಕಡೆಗೆ ಹಿಂಡುಹಿಂಡಾಗಿ ನಡೆಯುವುದೇ ಇದರ ಬದುಕು. ಫೆಬ್ರವರಿ ಹೊತ್ತಿಗೆ ದಕ್ಷಿಣದ ಬಯಲಲ್ಲಿ ಕರು ಹಾಕಿ, ಬೇಸಿಗೆಯಲ್ಲಿ ಮಾರಾ ನದಿ ದಾಟಿ ಕೀನ್ಯಾ ಸೇರಿ, ಮಳೆ ಬಂದೊಡನೆ ಮರಳುತ್ತದೆ.

ಒಂದು ಕಡೆ ನಿಲ್ಲದ ಇಂಥ ಹಿಂಡನ್ನು ಎಣಿಸುವುದು ಹೇಗೆ? 1958ರಲ್ಲಿ ಜರ್ಮನಿಯ ಬೆರ್ನಾರ್ಡ್ ಗ್ರಿಮೆಕ್ ಮತ್ತು ಮಗ ಮೈಕೇಲ್ ಸಣ್ಣ ವಿಮಾನದಲ್ಲಿ ಹಾರಿ ಎಣಿಸಿದರು. ಮರುವರ್ಷ ಜನವರಿಯಲ್ಲಿ ರಣಹದ್ದು ಬಡಿದು ವಿಮಾನ ಬಿತ್ತು, ಮೈಕೇಲ್ ತೀರಿಕೊಂಡರು. ಮುಂದೆ ವಿಮಾನವನ್ನು ನೇರ ಗೆರೆಗಳಲ್ಲಿ ಹಾರಿಸಿ, ಕೆಳಗಿನ ನೆಲದ ಫೋಟೋ ತೆಗೆದು, ಅದರಲ್ಲಿನ ತಲೆಗಳಿಂದ ಒಟ್ಟು ಲೆಕ್ಕ ಹಾಕುವ ಕ್ರಮ ಬಂತು. 1961ರಲ್ಲಿ ಸುಮಾರು ಎರಡೂವರೆ ಲಕ್ಷವಿದ್ದ ಹಿಂಡು 1977ಕ್ಕೆ ಹದಿಮೂರು ಲಕ್ಷ ದಾಟಿತ್ತು.

ಕಾರಣ ಹುಡುಕಿದಾಗ ಸಿಕ್ಕಿದ್ದು ದೊಡ್ಡರೋಗ. ತಾಯಿಹಾಲಿನ ರಕ್ಷಣೆ ಮುಗಿದ ಮೇಲೆ ವರ್ಷದೊಳಗಿನ ಕರುಗಳು ಈ ರೋಗಕ್ಕೆ ಸಾಯುತ್ತಿದ್ದವು. ಕೀನ್ಯಾದಲ್ಲಿ ವಾಲ್ಟರ್ ಪ್ಲೌರೈಟ್ ರೂಪಿಸಿದಂಥ ಲಸಿಕೆಗಳನ್ನು ಸುತ್ತಲಿನ ಊರದನಗಳಿಗೆ ಹಾಕಿದರು. ಕಾಡುಮೃಗಕ್ಕೆ ಒಂದು ಚುಚ್ಚುಮದ್ದೂ ಇಲ್ಲ. ಆದರೂ 1963ರ ನಂತರ ಹುಟ್ಟಿದ ಕರುಗಳ ರಕ್ತದಲ್ಲಿ ರೋಗದ ಕುರುಹೇ ಸಿಗಲಿಲ್ಲ. ದನಕ್ಕೆ ಕಾಡಿನಿಂದ ರೋಗ ಬರುತ್ತದೆಂದು ದೂರುತ್ತಿದ್ದವರಿಗೆ ಲೆಕ್ಕ ತಿರುಗುಮುರುಗಾಗಿ ಕಂಡಿತು. ಇನ್ನೂ ವಿಚಿತ್ರವೆಂದರೆ, ಬೆಳೆದ ಹಿಂಡು ಹುಲ್ಲು ಮೇಯ್ದು ಕಾಳ್ಗಿಚ್ಚು ಕಡಿಮೆಯಾಯಿತು, ಎಳೆ ಮರಗಳು ತಲೆಯೆತ್ತಿದವು.

ಬೋಟ್ಸ್ವಾನಾ ಬೇರೆ ದಾರಿ ಹಿಡಿಯಿತು. ಕಾಲುಬಾಯಿ ಜ್ವರ ಹರಡದಂತೆ 1950ರ ದಶಕದಿಂದ ಉದ್ದುದ್ದ ತಂತಿಬೇಲಿ ಹಾಕಿತು. ರೋಗ ತಡೆಯುವ ಉದ್ದೇಶವನ್ನು ನಾನು ಹಳಿಯಲಾರೆ, ದನ ಸಾಕಿದವರಿಗೆ ಆ ಭಯ ಗೊತ್ತು. ಆದರೆ 1980ರ ದಶಕದ ಬರದಲ್ಲಿ ನೀರಿಗೆ ಹೊರಟ ಸಾವಿರಾರು ವೈಲ್ಡ್‌ಬೀಸ್ಟ್‌ಗಳಿಗೆ ಹಳೆಯ ಹಾದಿ ಮುಚ್ಚಿತ್ತು. ಬಹಳಷ್ಟು ಬಾಯಾರಿ ಸತ್ತವು.

ದೊಡ್ಡರೋಗ ನಮ್ಮ ದೇಶದಲ್ಲಿ ಕೊನೆಯದಾಗಿ ಕಂಡದ್ದು 1995ರಲ್ಲಿ. ಜಗತ್ತಿನಿಂದಲೇ ಹೋಯಿತೆಂದು 2011ರಲ್ಲಿ ಸಾರಲಾಯಿತು. ಸೆರೆಂಗೆಟಿಯ ಉತ್ತರ ಭಾಗವನ್ನು ಸೀಳಿ ಡಾಂಬರು ಹೆದ್ದಾರಿ ಮಾಡುವ ಯೋಜನೆಗೆ 2014ರಲ್ಲಿ ಪೂರ್ವ ಆಫ್ರಿಕದ ನ್ಯಾಯಾಲಯ ತಡೆ ಹಾಕಿತು. ಬೇಸಿಗೆಯಲ್ಲಿ ಹಿಂಡು ನೀರಿಗಾಗಿ ನಂಬಿರುವುದು ಮಾರಾ ನದಿಯೊಂದನ್ನೇ, ಅದರ ಮೇಲ್ದಂಡೆಯ ಕಾಡು ಮಾತ್ರ ಹೊಲವಾಗುತ್ತ ಬಂದಿದೆ.