ಡಾನ್‌ನ ಕಣ್ಣಿಗೆ ಬೀಳದ ಬೆಳಕು

ಕಪ್ಪು ತೆರೆಯ ನಡುವೆ ಒಂದೇ ಒಂದು ಮುಖ. ಮಗಳಿಗಾದ ಅನ್ಯಾಯಕ್ಕೆ ನ್ಯಾಯ ಬೇಡಲು ಬಂದ ತಂದೆ ಮಾತಾಡುತ್ತಿದ್ದಾನೆ. ಸುಮಾರು ಮೂರು ನಿಮಿಷ ದೃಶ್ಯ ಕಂಡೂ ಕಾಣದಷ್ಟು ನಿಧಾನವಾಗಿ ಹಿಗ್ಗುತ್ತದೆ. ಆಮೇಲಷ್ಟೇ ಮೇಜಿನ ಈಚೆ ಕೂತವನ ಹೆಗಲು ಕಾಣುತ್ತದೆ, ಕೈ ಕಾಣುತ್ತದೆ. ಮಾಫಿಯಾ ದೊರೆ ಡಾನ್ ವಿಟೊ ಕೊರ್ಲಿಯೋನೆ ನಮ್ಮತ್ತ ಮುಖ ಮಾಡಿದಾಗಲೂ ಅವನ ಹುಬ್ಬಿನ ಕೆಳಗೆ ಇರುವುದು ಕತ್ತಲು.

1972ರ ‘ದಿ ಗಾಡ್‌ಫಾದರ್’ ಚಿತ್ರದ ಈ ಕತ್ತಲಿನ ಹಿಂದೆ ಇದ್ದವರು ಛಾಯಾಗ್ರಾಹಕ ಗಾರ್ಡನ್ ವಿಲ್ಲಿಸ್. ಅದು ಹುಟ್ಟಿದ್ದು ಒಂದು ತೊಡಕಿನಿಂದ. ಚಿತ್ರೀಕರಣದ ಹೊತ್ತಿಗೆ ಡಾನ್ ಪಾತ್ರದ ಮರ್ಲಾನ್ ಬ್ರಾಂಡೊಗೆ 47ರ ಆಸುಪಾಸು, ಡಾನ್ ಮುದುಕ. ಪ್ರಸಾಧನದ ಡಿಕ್ ಸ್ಮಿತ್ ಚರ್ಮಕ್ಕೆ ಸುಕ್ಕು ತಂದರು. ಕೆನ್ನೆ ಜೋತುಬೀಳಲೆಂದು ದಂತವೈದ್ಯರಿಂದ ಮಾಡಿಸಿದ ಸಾಧನ ಬಾಯೊಳಗೆ ಸೇರಿತು. ಆ ಮುಖಕ್ಕೆ ಎದುರಿನಿಂದ ಬೆಳಕು ಬಿಟ್ಟರೆ ಬಳಿದ ಬಣ್ಣ ಬಯಲಾಗಿಬಿಡುತ್ತಿತ್ತು. ವಿಲ್ಲಿಸ್ ಬೆಳಕನ್ನು ನೆತ್ತಿಯ ಮೇಲಿನಿಂದ ಇಳಿಸಿದರು. ಕೆನ್ನೆ ಇನ್ನಷ್ಟು ಜೋತುಬಿದ್ದಿತು, ಕಣ್ಣು ಗುಳಿಗಿಳಿಯಿತು. ಎದುರಿನವನ ಮನಸ್ಸಿನಲ್ಲಿ ಏನಿದೆ ಎಂದು ನಾವು ಹುಡುಕುವುದೇ ಕಣ್ಣಿನಲ್ಲಿ. ಅದನ್ನೇ ಬಚ್ಚಿಟ್ಟರೆ ಮನುಷ್ಯನ ಬಗ್ಗೆ ಭಯ ತಾನಾಗಿ ಬರುತ್ತದೆ. ಆ ಕಾಲದ ಹಾಲಿವುಡ್‌ನಲ್ಲಿ ನಾಯಕನಟನ ಕಣ್ಣು ಕಾಣದಿರುವುದು ತಪ್ಪೆಂದೇ ಲೆಕ್ಕ. ಚಿತ್ರ ತಯಾರಿಸುತ್ತಿದ್ದ ಪ್ಯಾರಾಮೌಂಟ್ ಸಂಸ್ಥೆಯವರು ಗಾಬರಿಯಾದದ್ದು ಸಹಜವೇ.

ವಿಲ್ಲಿಸ್ ಬೆಳಕನ್ನು ಬೇಕೆಂದೇ ಕಡಿಮೆ ಬಿಟ್ಟು ತೆಳ್ಳನೆಯ ನೆಗೆಟಿವ್ ತೆಗೆಯುತ್ತಿದ್ದರು. ಅಂಥ ನೆಗೆಟಿವ್‌ನಿಂದ ತಿಳಿಯಾದ ಪ್ರಿಂಟ್ ತೆಗೆಯಲು ಹೋದರೆ ಕಪ್ಪು ಬೂದು ಬಣ್ಣಕ್ಕೆ ತಿರುಗುತ್ತದೆ. ಬೇರೆಯವರು ತಿದ್ದಲಾಗದಂತೆ ಕತ್ತಲನ್ನು ಫಿಲ್ಮಿನಲ್ಲೇ ಮುದ್ರೆಯೊತ್ತಿದ ಈ ಧೈರ್ಯ ನನಗೆ ಇಡೀ ಚಿತ್ರದಲ್ಲೇ ದೊಡ್ಡದಾಗಿ ಕಾಣುತ್ತದೆ.

ನಿರ್ದೇಶಕ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ ಅವರ ರೀತಿಯೇ ಬೇರೆ. ಅಳೆದು ತೂಗಿ ಶಾಟ್ ಇಡುವ ವಿಲ್ಲಿಸ್ ಜೊತೆ ಅವರಿಗೆ ಸೆಟ್‌ನಲ್ಲಿ ಜಗಳವೂ ಆಗುತ್ತಿತ್ತು. ಕೊಪ್ಪೊಲಾ ಆ ಕ್ಷಣಕ್ಕೆ ಸಿಕ್ಕಿದ್ದನ್ನು ಬಿಡುವವರಲ್ಲ. ಡಾನ್‌ನ ತೊಡೆಯ ಮೇಲಿನ ಬೆಕ್ಕು ಸ್ಟುಡಿಯೋದಲ್ಲಿ ಅಡ್ಡಾಡುತ್ತಿದ್ದ ಬೀಡಾಡಿ. ಅದನ್ನೆತ್ತಿ ಬ್ರಾಂಡೊ ಕೈಗಿಟ್ಟವರು ಅವರೇ. ಅದರ ಗುರುಗುರು ಸದ್ದಿನಲ್ಲಿ ಮಾತು ಕೇಳದೆ ಧ್ವನಿ ವಿಭಾಗದವರು ಪೇಚಾಡಿದರು. ಡಾನ್‌ನ ಬಂಟ ಲೂಕಾ ಬ್ರಾಸಿಯ ಪಾತ್ರ ಮಾಡಿದ ಮಾಜಿ ಕುಸ್ತಿಪಟು ಲೆನ್ನಿ ಮೊಂಟಾನಾ, ಬ್ರಾಂಡೊ ಎದುರು ನಿಂತು ತಡವರಿಸಿದರು. ಕೊಪ್ಪೊಲಾ ಆ ತಡವರಿಕೆಯನ್ನು ಉಳಿಸಿಕೊಂಡು, ಬ್ರಾಸಿ ಡಾನ್‌ನ ಮಗಳ ಮದುವೆಯಲ್ಲಿ ಕೂತು ತನ್ನ ಮಾತನ್ನು ಉರುಹೊಡೆಯುವ ದೃಶ್ಯವನ್ನು ಹೊಸದಾಗಿ ಸೇರಿಸಿದರು.

ಚಿತ್ರಕ್ಕೆ ಅತ್ಯುತ್ತಮ ಚಿತ್ರವೂ ಸೇರಿ ಮೂರು ಆಸ್ಕರ್ ಬಂದವು. ಛಾಯಾಗ್ರಹಣಕ್ಕೆ ನಾಮನಿರ್ದೇಶನ ಕೂಡ ಸಿಗಲಿಲ್ಲ. ವಿಲ್ಲಿಸ್‌ಗೆ ಗೌರವ ಆಸ್ಕರ್ ಸಂದದ್ದು 2009ರಲ್ಲಿ.

ಚಿತ್ರವನ್ನು ಮತ್ತೆ ನೋಡುವವರು ಡಾನ್‌ನ ಮಗ ಮೈಕೆಲ್‌ನ ಮುಖವನ್ನು ಗಮನಿಸಿ. ತಂಗಿಯ ಮದುವೆಗೆ ಅವನು ಬರುವುದು ಸೈನಿಕನ ಸಮವಸ್ತ್ರದಲ್ಲಿ, ಹೊರಗಿನ ಬಿಸಿಲಿನಲ್ಲಿ. ಕೊನೆಯಲ್ಲಿ ನಿಲ್ಲುವುದು ಅಪ್ಪನ ಕೋಣೆಯಲ್ಲಿ. ಮೈಕೆಲ್ ಪಾತ್ರದ ಅಲ್ ಪಚೀನೊ ಮುಖದಲ್ಲಿ ಮರೆಸಬೇಕಾದ ಪ್ರಸಾಧನ ಇರಲಿಲ್ಲ. ಆದರೂ ಅದೇ ನೆರಳು ಅವನ ಮೇಲೂ ಇಳಿದಿದೆ. ಹೆಂಡತಿ ಕೇ ನೋಡುತ್ತಿದ್ದಂತೆಯೇ ಬಾಗಿಲು ಮುಚ್ಚಿಕೊಳ್ಳುತ್ತದೆ.