ಜೀವವಿಜ್ಞಾನಿಯೂ ಅನುದಾನವೂ

2008ನೆಯ ಇಸವಿಯ ಅಕ್ಟೋಬರ್ ತಿಂಗಳಿನಲ್ಲಿ ರಸಾಯನ ವಿಜ್ಞಾನದ ನೊಬೆಲ್ ಪಾರಿತೋಷಕವನ್ನು ಒಸಾಮು ಶಿಮೊಮುರ, ಮಾರ್ಟಿನ್ ಚಾಲ್ಫಿ, ರೋಜರ್ ಚಿಯೆನ್ ಎಂಬ ಮೂವರು ವಿದ್ವಾಂಸರಿಗೆ ಹಂಚಿಕೊಡಲಾಯಿತು. ಜೆಲ್ಲಿ ಮೀನೊಂದರ ದೇಹದಲ್ಲಿರುವ, ನೀಲಿ ಬೆಳಕು ಬಿದ್ದಾಗ ಹಸುರಾಗಿ ಹೊಳೆಯುವ ಪ್ರೋಟೀನನ್ನು ಕಂಡುಹಿಡಿದು ಬಳಕೆಗೆ ತಂದುದಕ್ಕಾಗಿ ಅವರಿಗೆ ಈ ಗೌರವ ಸಂದಿತು. ಈ ಪ್ರೋಟೀನಿನ ಜೀನನ್ನು ಮೊತ್ತಮೊದಲು ಬೇರ್ಪಡಿಸಿ, ಅದರ ಪ್ರತಿಗಳನ್ನು ಚಾಲ್ಫಿ, ಚಿಯೆನ್ ಇಬ್ಬರಿಗೂ ಕಳುಹಿಸಿಕೊಟ್ಟವರು ಡಗ್ಲಸ್ ಪ್ರಾಷರ್. ಪಾರಿತೋಷಕದ ವಾರ್ತೆ ಹೊರಬಿದ್ದಾಗ ಅವರು ಅಮೆರಿಕದ ಅಲಬಾಮ ಸಂಸ್ಥಾನದ ಹಂಟ್ಸ್‌ವಿಲ್ ಪಟ್ಟಣದಲ್ಲಿ, ಮೋಟಾರು ಮಾರುವ ಅಂಗಡಿಯೊಂದರ ಗಿರಾಕಿಗಳನ್ನು ಕರೆದೊಯ್ದು ಬಿಡುವ ವ್ಯಾನಿನ ಚಾಲಕರಾಗಿದ್ದರು.

ವೃತ್ತಪತ್ರಿಕೆಗಳಿಗೆ ಇದು ದೈವಲೀಲೆಯಂತೆ ಕಂಡಿತು. ಪ್ರಾಷರ್ ಅವರ ಸಂಕೋಚದ ಸ್ವಭಾವವೇ ಕಾರಣವೆಂದು ಹೇಳಿದವರೂ ಉಂಟು. ಎರಡರಲ್ಲಿಯೂ ತಕ್ಕಮಟ್ಟಿನ ಸತ್ಯವಿರಬಹುದು. ಆದರೆ ಚರಿತ್ರೆಯನ್ನು ಬೋಧಿಸುವ ನಮಗೆ ಮೊದಲು ಏಳುವ ಪ್ರಶ್ನೆ ಬೇರೆ. ಜೀವವಿಜ್ಞಾನಿಯ ಕೆಲಸಕ್ಕೆ ಹಣವನ್ನು ಒದಗಿಸುವವರು ಯಾರು, ಎಷ್ಟು ಕಾಲಕ್ಕೆ ಒದಗಿಸುತ್ತಾರೆ, ಆ ಅವಧಿ ತೀರಿದ ಮೇಲೆ ಅವನ ಜೀವನೋಪಾಯವೇನು ಎಂಬುದನ್ನು ತಿಳಿಯದೆ ಪ್ರಾಷರ್ ಅವರ ಕಥೆ ಅರ್ಥವಾಗತಕ್ಕದ್ದಲ್ಲ. ಈ ವಿಷಯದಲ್ಲಿ ಅಮೆರಿಕದ ವ್ಯವಸ್ಥೆಯನ್ನೇ ನಾವು ಆರಿಸಿಕೊಂಡುದಕ್ಕೆ ಎರಡು ಕಾರಣಗಳುಂಟು. ಅಲ್ಲಿನ ದಾಖಲೆಗಳು ಹೇರಳವಾಗಿ ಪ್ರಕಟವಾಗಿವೆ. ಅಲ್ಲದೆ ನಮ್ಮ ಕಾಲೇಜುಗಳಲ್ಲಿ ಜೀವವಿಜ್ಞಾನವನ್ನು ಓದಿ ಹೊರದೇಶಕ್ಕೆ ಹೋಗುವ ತರುಣ ತರುಣಿಯರಲ್ಲಿ ಅನೇಕರು ಸೇರುವುದು ಆ ವ್ಯವಸ್ಥೆಯನ್ನೇ.

ಚರಿತ್ರೆಯ ಸಂಶೋಧಕನಿಗೆ ಪತ್ರಾಗಾರದ ಅನುಮತಿಯೂ ರೈಲಿನ ಖರ್ಚೂ ದೊರೆತರೆ ಹೆಚ್ಚು ಕಡಮೆ ಸಾಕು. ಹಣ ಬರುವುದು ತಡವಾದರೆ ಶಾಸನಗಳು ಕಾಯುತ್ತವೆ. ಜೀವವಿಜ್ಞಾನಿಗೆ ಈ ಸೌಕರ್ಯವಿಲ್ಲ. ಪ್ರಯೋಗಶಾಲೆಯ ಇಲಿಗಳಿಗೆ ಭಾನುವಾರವೂ ಮೇವು ಬೇಕು, ಗೂಡು ಶುಚಿಯಾಗಬೇಕು. ಜೀವಕೋಶಗಳನ್ನು ಬೆಳೆಸುವ ದ್ರವವನ್ನು ಕೆಲವು ದಿನಗಳಿಗೊಮ್ಮೆ ಬದಲಾಯಿಸಬೇಕು. ಮಾದರಿಗಳನ್ನು ಇಟ್ಟಿರುವ ಶೀತಪೆಟ್ಟಿಗೆಗೆ ವಿದ್ಯುತ್ತು ತಪ್ಪಬಾರದು. ಆರು ತಿಂಗಳು ಹಣ ನಿಂತುಹೋದರೆ ಹತ್ತು ವರ್ಷಗಳ ಕಾಲ ಜೋಪಾನ ಮಾಡಿದ ತಳಿಯೊಂದು ನಷ್ಟವಾಗಬಹುದು. ಆದುದರಿಂದ ಈ ಶಾಸ್ತ್ರದಲ್ಲಿ ಹಣದ ಮೊಬಲಗಿನಷ್ಟೇ ಅದರ ನಿರಂತರತೆಯೂ ಮುಖ್ಯವಾಗುತ್ತದೆ.

ಎರಡನೆಯ ಮಹಾಯುದ್ಧಕ್ಕೆ ಮೊದಲು ಅಮೆರಿಕದಲ್ಲಿ ಜೀವವಿಜ್ಞಾನಕ್ಕೆ ಆಶ್ರಯ ಕೊಡುತ್ತಿದ್ದುದು ಬಹುಮಟ್ಟಿಗೆ ಖಾಸಗಿ ದತ್ತಿಗಳು. ಅವುಗಳಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನವು ಮುಖ್ಯವಾದುದು. ಅಣುಮಟ್ಟದ ಜೀವವಿಜ್ಞಾನಕ್ಕೆ ಇಂಗ್ಲಿಷಿನಲ್ಲಿ ಇಂದು ರೂಢವಾಗಿರುವ ಹೆಸರನ್ನು 1938ರ ವರದಿಯಲ್ಲಿ ಬಳಸಿದವನು ಅದರ ಅಧಿಕಾರಿಯಾಗಿದ್ದ ವಾರೆನ್ ವೀವರ್. ಯುದ್ಧವು ಈ ಸ್ಥಿತಿಯನ್ನು ಬದಲಾಯಿಸಿತು. ವಿಜ್ಞಾನಕ್ಕೆ ಸರ್ಕಾರವೇ ಪೋಷಕನಾಗಬೇಕೆಂದು ವ್ಯಾನೆವರ್ ಬುಷ್ 1945ರಲ್ಲಿ ತನ್ನ ಪ್ರಸಿದ್ಧವಾದ ವರದಿಯಲ್ಲಿ ವಾದಿಸಿದನು. ಯುದ್ಧಕಾಲದ ವೈದ್ಯಕೀಯ ಸಂಶೋಧನೆಯ ಒಪ್ಪಂದಗಳಲ್ಲಿ ಉಳಿದವು ನ್ಯಾಷನಲ್ ಇನ್‌ಸ್ಟಿಟ್ಯೂಟ್ಸ್ ಆಫ್ ಹೆಲ್ತ್ ಎಂಬ ಸರ್ಕಾರಿ ಸಂಸ್ಥೆಯ, ಎಂದರೆ ಎನ್.ಐ.ಎಚ್.ನ, ಆಡಳಿತಕ್ಕೆ ಬಂದವು. 1947ರಲ್ಲಿ ಸುಮಾರು 80 ಲಕ್ಷ ಡಾಲರುಗಳಿದ್ದ ಈ ಸಂಸ್ಥೆಯ ವಾರ್ಷಿಕ ಆಯವ್ಯಯವು 1966ರ ವೇಳೆಗೆ 100 ಕೋಟಿ ಡಾಲರುಗಳನ್ನು ಮೀರಿತು. ಇಪ್ಪತ್ತು ವರ್ಷಗಳೊಳಗೆ ನೂರು ಮಡಿಗೂ ಮೇಲ್ಪಟ್ಟ ಈ ಬೆಳವಣಿಗೆಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಇಂದಿನ ವ್ಯವಸ್ಥೆಯ ಅಂಗಾಂಗಗಳೆಲ್ಲ ರೂಪುಗೊಂಡುದು ಈ ಸುಭಿಕ್ಷದ ಕಾಲದಲ್ಲಿ.

ವ್ಯವಸ್ಥೆಯ ಕ್ರಮ ಹೀಗಿದೆ. ಸಂಶೋಧಕನು ತಾನು ಮಾಡಬೇಕೆಂದಿರುವ ಕೆಲಸವನ್ನು ವಿವರಿಸಿ ಅರ್ಜಿ ಬರೆಯುತ್ತಾನೆ. ಅದೇ ಶಾಸ್ತ್ರವನ್ನು ಬಲ್ಲ ವಿದ್ವಾಂಸರ ಮಂಡಲಿಯೊಂದು ಅದನ್ನು ಓದಿ ಅಂಕ ಕೊಡುತ್ತದೆ. ಅಂಕಗಳ ಮೇಲೆ ಅರ್ಜಿಗಳನ್ನು ಸಾಲಾಗಿ ಜೋಡಿಸಿ, ಹಣ ಎಲ್ಲಿಯವರೆಗೆ ಸಾಲುವುದೋ ಬಹುಮಟ್ಟಿಗೆ ಅಲ್ಲಿಗೆ ಗೆರೆ ಎಳೆಯುವುದು 2025ರವರೆಗೆ ರೂಢಿಯಾಗಿತ್ತು. ಅನುದಾನದ ಅವಧಿ ಸಾಮಾನ್ಯವಾಗಿ ಮೂರರಿಂದ ಐದು ವರ್ಷ. ಅನಂತರ ಮತ್ತೆ ಅರ್ಜಿ, ಮತ್ತೆ ಅಂಕ, ಮತ್ತೆ ಗೆರೆ. ನಮ್ಮ ಅರಸರು ಮಠಕ್ಕೋ ಅಗ್ರಹಾರಕ್ಕೋ ದತ್ತಿ ಬಿಡುವಾಗ ಅದು ಆಚಂದ್ರಾರ್ಕವಾಗಿ ನಡೆಯಲೆಂದು ಕಲ್ಲಿನ ಮೇಲೆ ಬರೆಯಿಸುತ್ತಿದ್ದರು. ಆ ದತ್ತಿಗಳೆಲ್ಲ ಸೂರ್ಯಚಂದ್ರರಿರುವವರೆಗೆ ನಡೆಯಲಿಲ್ಲವೆಂಬುದನ್ನು ನಾವು ಬಲ್ಲೆವು. ಕಾಯಂ ದತ್ತಿ ಸೋಮಾರಿಗಳನ್ನೂ ಸಾಕಿತೆಂದು ಯಾರಾದರೂ ಹೇಳಿದರೆ ಅಲ್ಲಗಳೆಯುವುದೂ ಕಷ್ಟ. ಹುಟ್ಟಿನಿಂದಾಗಲಿ ವಶೀಲಿಯಿಂದಾಗಲಿ ಅಲ್ಲದೆ ಸಮಾನ ವಿದ್ವಾಂಸರ ವಿಮರ್ಶೆಯಿಂದ ಹಣ ಹಂಚುವ ಅಮೆರಿಕದ ಕ್ರಮವು ತನ್ನ ಕಾಲಕ್ಕೆ ದೊಡ್ಡ ಸುಧಾರಣೆಯೇ ಆಗಿತ್ತು.

ಆದರೆ ಪ್ರಕೃತಿಯ ಪ್ರಶ್ನೆಗಳು ಐದು ವರ್ಷಗಳ ಕಂತಿಗೆ ಒಗ್ಗಿಕೊಳ್ಳುವುದಿಲ್ಲ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಮ್ಯಾಕ್ಸ್ ಪೆರುಟ್ಸ್ ರಕ್ತದ ಹಿಮೋಗ್ಲೋಬಿನ್ನಿನ ರಚನೆಯನ್ನು ಕ್ಷಕಿರಣಗಳಿಂದ ತಿಳಿಯಲು 1937ರಲ್ಲಿ ಹೊರಟನು. ಮಾರ್ಗವನ್ನು ತೆರೆದ ಉಪಾಯ ಹೊಳೆದುದು 1953ರಲ್ಲಿ. ರಚನೆಯ ಸ್ಥೂಲರೂಪ ಕಂಡುದು 1959ರಲ್ಲಿ. ಈ ಇಪ್ಪತ್ತೆರಡು ವರ್ಷಗಳಲ್ಲಿ ಮೊದಲು ರಾಕ್‌ಫೆಲ್ಲರ್ ಪ್ರತಿಷ್ಠಾನವೂ 1947ರಿಂದ ಬ್ರಿಟಿಷ್ ವೈದ್ಯಕೀಯ ಸಂಶೋಧನಾ ಮಂಡಲಿಯೂ ಅವನ ಕೈಬಿಡಲಿಲ್ಲ. 1950ರಲ್ಲಿ ಯಾರಾದರೂ ಅವನನ್ನು ಹದಿಮೂರು ವರ್ಷಗಳ ಫಲವೇನೆಂದು ಕೇಳಿದ್ದರೆ ತೃಪ್ತಿಕರವಾದ ಉತ್ತರವಿರುತ್ತಿರಲಿಲ್ಲ. ಶಿಮೊಮುರ ಅವರ ಕಥೆಯೂ ಇಂಥದೇ. 1961ರ ಬೇಸಗೆಯಲ್ಲಿ ವಾಷಿಂಗ್‌ಟನ್ ಸಂಸ್ಥಾನದ ಫ್ರೈಡೇ ಹಾರ್ಬರಿನ ಕಡಲತಡಿಯಲ್ಲಿ ಜೆಲ್ಲಿ ಮೀನುಗಳನ್ನು ಹಿಡಿಯತೊಡಗಿದ ಅವರು, ಮುಂದೆ ಹೆಂಡತಿ ಮಕ್ಕಳ ನೆರವನ್ನೂ ಪಡೆದು, ಒಟ್ಟು ಸುಮಾರು ಎಂಟೂವರೆ ಲಕ್ಷ ಮೀನುಗಳನ್ನು ಸಂಗ್ರಹಿಸಿದರು. ಅವರು ಹುಡುಕುತ್ತಿದ್ದುದು ನೀಲಿ ಬೆಳಕನ್ನು ಕೊಡುವ ಬೇರೊಂದು ಪ್ರೋಟೀನನ್ನು. ಹಸುರಿನದು ಅದರ ಜೊತೆಯಲ್ಲಿ ಬಂದುದು; 1962ರ ಪ್ರಬಂಧದಲ್ಲಿ ಅದರ ಪ್ರಸ್ತಾಪ ಕೇವಲ ಆನುಷಂಗಿಕ. ಅದರಿಂದೇನು ಪ್ರಯೋಜನವೆಂಬ ಅಂಕಣವನ್ನು ಅವರು ಆಗ ಹೇಗೆ ತುಂಬಬಹುದಾಗಿತ್ತು?

ಪ್ರಾಷರ್ ಅವರ ಅರ್ಜಿಗೆ ಈ ಕಷ್ಟ ಇರಲಿಲ್ಲ. ಹಸುರು ಪ್ರೋಟೀನಿನ ಜೀನು ಕೈಗೆ ಸಿಕ್ಕಿದರೆ ಅದನ್ನು ಬೇರೆ ಜೀವಿಗಳಲ್ಲಿ ಗುರುತು ದೀಪದಂತೆ ಬಳಸಬಹುದೆಂದು ಅವರು ಸ್ಪಷ್ಟವಾಗಿಯೇ ಕಂಡಿದ್ದರು. ಮೆಸಚೂಸೆಟ್ಸ್‌ನ ವುಡ್ಸ್ ಹೋಲ್ ಸಾಗರವಿಜ್ಞಾನ ಸಂಸ್ಥೆಯಲ್ಲಿದ್ದಾಗ ಅಮೆರಿಕನ್ ಕ್ಯಾನ್ಸರ್ ಸೊಸೈಟಿಯಿಂದ ಅವರಿಗೆ ಸುಮಾರು ಎರಡು ಲಕ್ಷ ಡಾಲರುಗಳ ಅನುದಾನ ದೊರೆಯಿತು. ಕೆಲಸ ನಿಧಾನವಾಗಿ ಸಾಗಿತು. 1992ರಲ್ಲಿ ಜೀನಿನ ವಿವರ ಪ್ರಕಟವಾದ ವೇಳೆಗೆ ಹಣವೂ ಮುಗಿದಿತ್ತು, ಮುಂದಿನ ಹೆಜ್ಜೆಗೆ ಹೊಸ ಹಣ ಒದಗಲಿಲ್ಲ. ಆ ಸಂಸ್ಥೆಯಲ್ಲಿ ವಿಜ್ಞಾನಿಯ ಸಂಬಳದ ಬಹುಭಾಗವೂ ಅವನೇ ತರುವ ಅನುದಾನದಿಂದ ಬರಬೇಕಾಗಿದ್ದುದರಿಂದ, ಪ್ರಯೋಗ ನಿಲ್ಲುವುದೂ ಮನೆಯ ವರಮಾನ ನಿಲ್ಲುವುದೂ ಒಂದೇ ಆಗಿತ್ತು. ಅವರು ಕೃಷಿ ಇಲಾಖೆಯ ಕೀಟಶಾಖೆಗೆ ಹೊರಟರು; ಜೀನಿನ ಪ್ರತಿಗಳನ್ನು ಕೇಳಿದವರಿಗೆ ಕೊಟ್ಟರು. 1994ರಲ್ಲಿ ಚಾಲ್ಫಿ ಅವರ ಪ್ರಬಂಧ ಹೊರಬಂದಿತು; ಬ್ಯಾಕ್ಟೀರಿಯದಲ್ಲಿಯೂ ಸಣ್ಣ ಹುಳುವೊಂದರಲ್ಲಿಯೂ ಆ ಜೀನು ಹಸುರು ಬೆಳಕನ್ನು ಬೀರಿತ್ತು. ಪ್ರಬಂಧದ ಕರ್ತೃಗಳಲ್ಲಿ ಕೊನೆಯ ಹೆಸರು ಪ್ರಾಷರ್ ಅವರದು. ಇಂದು ನರಕೋಶದ ಬೆಳವಣಿಗೆಯನ್ನೂ ಕ್ಯಾನ್ಸರ್ ಹರಡುವ ದಾರಿಯನ್ನೂ ಕಣ್ಣಾರೆ ನೋಡಲು ಈ ಪ್ರೋಟೀನನ್ನು ಬಳಸದ ಪ್ರಯೋಗಶಾಲೆ ವಿರಳ.

ಇದು 1990ರ ಸುಮಾರಿನ ಮಾತು. ಅನಂತರ ಹಣ ಹೆಚ್ಚಿತಲ್ಲವೆ ಎಂದು ಕೇಳಬಹುದು. ಹೆಚ್ಚಿದುದು ನಿಜ, ಕ್ಲೇಶ ಬಲಿತುದೂ ಅದರಿಂದಲೇ. 1998ರಿಂದ 2003ರವರೆಗಿನ ಐದು ವರ್ಷಗಳಲ್ಲಿ ಅಮೆರಿಕದ ಕಾಂಗ್ರೆಸ್ಸು ಎನ್.ಐ.ಎಚ್.ನ ಆಯವ್ಯಯವನ್ನು ಸುಮಾರು 1,360 ಕೋಟಿ ಡಾಲರುಗಳಿಂದ 2,700 ಕೋಟಿಗೆ ಏರಿಸಿತು. ವಿಶ್ವವಿದ್ಯಾನಿಲಯಗಳು ಹೊಸ ಕಟ್ಟಡಗಳನ್ನು ಎಬ್ಬಿಸಿದವು, ಸಾಲವನ್ನೂ ಮಾಡಿದವು, ಹೊಸ ಅಧ್ಯಾಪಕರನ್ನು ಕರೆದವು. ಒಬ್ಬೊಬ್ಬ ಅಧ್ಯಾಪಕನೂ ಹಲವು ಶಿಷ್ಯರನ್ನು ತಯಾರು ಮಾಡಿದನು. ಆ ಶಿಷ್ಯರೂ ಅರ್ಜಿದಾರರಾದರು. 2003ರ ಅನಂತರ ಏರಿಕೆ ನಿಂತಿತು; ಬೆಲೆಗಳು ಏರಿದುದರಿಂದ ಹಣದ ನಿಜವಾದ ಶಕ್ತಿ ಕುಗ್ಗಿತು; 2013ರಲ್ಲಿ ಸರ್ಕಾರದ ಒಟ್ಟು ವೆಚ್ಚವನ್ನು ತಗ್ಗಿಸುವಾಗ ನೂರಕ್ಕೆ 5ರಷ್ಟು ಕಡಿತವೂ ಬಂದಿತು. ಸಮೃದ್ಧಿಯ ಆ ದಿನಗಳಲ್ಲಿ ನೂರು ಅರ್ಜಿಗಳಲ್ಲಿ ಸುಮಾರು 30 ಫಲಿಸುತ್ತಿದ್ದವು, 2013ರಲ್ಲಿ 17. ಕೆರೆ ತುಂಬಿದ ವರ್ಷದಲ್ಲಿ ಕೆಳಗಿನ ಬಯಲೆಲ್ಲ ಗದ್ದೆಯಾಯಿತು, ಮರುವರ್ಷದಿಂದ ತೂಬಿನ ನೀರು ಅಷ್ಟೇ ಉಳಿಯಿತು ಎಂದರೆ ನಮ್ಮ ಬಯಲುಸೀಮೆಯ ವಿದ್ಯಾರ್ಥಿಗಳಿಗೆ ಪರಿಸ್ಥಿತಿ ತಿಳಿಯುವುದು.

ನೂರರಲ್ಲಿ ಹದಿನೇಳನ್ನು ಆರಿಸಬೇಕಾದ ಮಂಡಲಿಯ ಕಷ್ಟವನ್ನು ಊಹಿಸಬಹುದು. ಕಳಪೆ ಅರ್ಜಿಯನ್ನು ಒಳ್ಳೆಯದರಿಂದ ಬೇರ್ಪಡಿಸುವುದು ಬಲ್ಲವರಿಗೆ ಸುಲಭ. ಒಳ್ಳೆಯವುಗಳಲ್ಲೇ ಮೂರರಲ್ಲಿ ಎರಡನ್ನು ಕೈಬಿಡಬೇಕಾದಾಗ ಸೋಲುವ ಭಯವಿಲ್ಲದ ಅರ್ಜಿಯ ಕಡೆಗೆ ಮನಸ್ಸು ವಾಲುತ್ತದೆ. ಅರ್ಜಿದಾರರೂ ಇದನ್ನು ಅರಿತು, ಅರ್ಧ ಮಾಡಿ ಮುಗಿಸಿದ ಕೆಲಸವನ್ನೇ ಮಾಡಲಿರುವ ಕೆಲಸವೆಂದು ಬರೆಯುತ್ತಾರೆ. ಇದನ್ನು ಮೋಸವೆನ್ನಲು ನಮಗೆ ಮನಸ್ಸಿಲ್ಲ; ಸಂಸಾರವಂದಿಗನ ಎಚ್ಚರಿಕೆಯೆನ್ನೋಣ. ಬ್ರೂಸ್ ಆಲ್ಬರ್ಟ್ಸ್, ಮಾರ್ಕ್ ಕಿರ್ಷ್ನರ್, ಶರ್ಲಿ ಟಿಲ್ಗ್‌ಮನ್, ಹೆರಾಲ್ಡ್ ವಾರ್ಮಸ್ ಎಂಬ ನಾಲ್ವರು ಹಿರಿಯ ಜೀವವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಸಂಕಟದ ಮೂಲವನ್ನು ನೇರವಾಗಿ ಹೇಳಿದರು: ಹಣ ಎಂದೆಂದಿಗೂ ವೇಗವಾಗಿ ಬೆಳೆಯುತ್ತಲೇ ಇರುವುದೆಂಬ ತಪ್ಪು ನಂಬಿಕೆಯ ಮೇಲೆ ಇಡೀ ಕಟ್ಟಡ ನಿಂತಿದೆ. ವಾರ್ಮಸ್ ಅವರು 1990ರ ದಶಕದಲ್ಲಿ ಎನ್.ಐ.ಎಚ್.ನ ನಿರ್ದೇಶಕರಾಗಿದ್ದವರೆಂಬುದನ್ನು ಗಮನಿಸಿದರೆ ಈ ಮಾತಿಗೆ ತೂಕ ಹೆಚ್ಚುತ್ತದೆ.

ಭಾರವೆಲ್ಲ ತರುಣರ ಹೆಗಲಿಗೆ ಜಾರಿತು. ಡಾಕ್ಟರ್ ಪದವಿ ಪಡೆದವನೊಬ್ಬ ಎನ್.ಐ.ಎಚ್.ನಿಂದ ಮೊದಲ ಸ್ವತಂತ್ರ ಅನುದಾನ ಪಡೆಯುವ ಸರಾಸರಿ ವಯಸ್ಸು 1980ರಲ್ಲಿ ಸುಮಾರು 36 ಇದ್ದುದು, ಈ ಶತಮಾನದಲ್ಲಿ 42ರ ಆಸುಪಾಸಿಗೆ ಬಂದಿದೆ. ನಡುವಿನ ವರ್ಷಗಳಲ್ಲಿ ಅವನು ಇನ್ನೊಬ್ಬರ ಪ್ರಯೋಗಶಾಲೆಯಲ್ಲಿ, ಇನ್ನೊಬ್ಬರ ಪ್ರಶ್ನೆಯ ಮೇಲೆ, ವರ್ಷ ವರ್ಷಕ್ಕೆ ನವೀಕರಿಸಿಕೊಳ್ಳಬೇಕಾದ ಕೆಲಸದಲ್ಲಿರುತ್ತಾನೆ. ನಮ್ಮ ಕಡೆಯಿಂದ ಹೋದವರಿಗೆ ಇನ್ನೊಂದು ತೊಡಕು. ಎನ್.ಐ.ಎಚ್. ಇಂಥ ತರುಣರಿಗೆ ನೇರವಾಗಿ ಕೊಡುವ ರಾಷ್ಟ್ರೀಯ ಶಿಷ್ಯವೇತನಗಳು ಆ ದೇಶದ ಪೌರರಿಗೂ ಕಾಯಂ ನಿವಾಸಿಗಳಿಗೂ ಮೀಸಲು. ಆದುದರಿಂದ ಪರದೇಶದವರು ಬಹುಮಟ್ಟಿಗೆ ಮೇಲಿನ ಅಧ್ಯಾಪಕರ ಅನುದಾನವನ್ನೇ ಆಶ್ರಯಿಸಬೇಕು. ಆ ಅನುದಾನ ತೀರಿದರೆ ಸಂಬಳ ಹೋಗುವುದು. ಸಂಬಳ ಹೋದರೆ ವೀಸಾದ ಪ್ರಶ್ನೆ ಏಳುವುದು. 2025ರಲ್ಲಿ ಅಲ್ಲಿನ ಸರ್ಕಾರವು ನಡೆಯುತ್ತಿದ್ದ ನೂರಾರು ಅನುದಾನಗಳನ್ನು ಅವಧಿಗೆ ಮೊದಲೇ ನಿಲ್ಲಿಸಿ, ವಿವಾದಗಳು ನ್ಯಾಯಾಲಯಗಳಿಗೆ ಹೋದಾಗ, ಈ ಸರಪಳಿಯ ಕೊನೆಯ ಕೊಂಡಿ ಎಷ್ಟು ತೆಳುವೆಂಬುದು ಬಯಲಾಯಿತು. ಶಿಫಾರಸು ಪತ್ರ ಕೇಳಿ ಬರುವ ವಿದ್ಯಾರ್ಥಿಗೆ ಅಧ್ಯಾಪಕರು ಈ ವಿವರವನ್ನು ಮೊದಲೇ ತಿಳಿಸುವುದು ಒಳ್ಳೆಯದು. ಸೇರಲಿರುವ ಪ್ರಯೋಗಶಾಲೆಯ ಅನುದಾನ ಯಾವ ವರ್ಷ ಮುಗಿಯುತ್ತದೆಂದು ಕೇಳುವುದರಲ್ಲಿ ಅವಿನಯವೇನೂ ಇಲ್ಲ; ಎನ್.ಐ.ಎಚ್. ಆ ಮಾಹಿತಿಯನ್ನು ಸಾರ್ವಜನಿಕವಾಗಿಯೇ ಪ್ರಕಟಿಸುತ್ತದೆ.

ಪರಿಹಾರಗಳನ್ನು ಕುರಿತು ನಾವು ಹೆಚ್ಚು ಹೇಳಲಾರೆವು. ಹೊವರ್ಡ್ ಹ್ಯೂಸ್ ವೈದ್ಯಕೀಯ ಸಂಸ್ಥೆಯೆಂಬ ಖಾಸಗಿ ದತ್ತಿಯು ಯೋಜನೆಯನ್ನಲ್ಲದೆ ವ್ಯಕ್ತಿಯನ್ನು ಆರಿಸಿ ಏಳು ವರ್ಷ ಪೋಷಿಸುತ್ತದೆ. ಕ್ರಮ ಒಳ್ಳೆಯದೇ, ಆದರೆ ಅದು ಮುಟ್ಟುವುದು ಕೆಲವೇ ನೂರು ಜನರನ್ನು, ಅವರಲ್ಲಿ ಬಹುಮಂದಿ ಈಗಾಗಲೇ ಹೆಸರು ಗಳಿಸಿದವರು. ಹೆಸರಿಲ್ಲದವರ ಪಾಡಿಗೆ ಕಾಟಲಿನ್ ಕಾರಿಕೊ ಅವರೇ ಸಾಕ್ಷಿ. ಹಂಗೆರಿಯಿಂದ ಬಂದು ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದಲ್ಲಿ ಆರ್‌ಎನ್‌ಎ ಕುರಿತು ಕೆಲಸ ಮಾಡುತ್ತಿದ್ದ ಆಕೆಗೆ ಅನುದಾನಗಳು ದೊರೆಯದೆ 1995ರಲ್ಲಿ ಹುದ್ದೆಯಲ್ಲಿ ಹಿಂಬಡ್ತಿಯಾಯಿತು. ಆಕೆ ಬಿಟ್ಟು ಹೋಗದೆ ಉಳಿದುದರಿಂದ 2005ರ ಪ್ರಬಂಧವೂ, ಅದರ ಆಧಾರದ ಮೇಲೆ ಕೋವಿಡ್ ಲಸಿಕೆಗಳೂ, 2023ರಲ್ಲಿ ಡ್ರೂ ವೈಸ್‌ಮನ್ ಅವರೊಡನೆ ನೊಬೆಲ್ ಪಾರಿತೋಷಕವೂ ಬಂದವು.

ಇಂಥ ಕಥೆಗಳಿಂದ ಸತ್ಯ ಕೊನೆಗೆ ಗೆಲ್ಲುತ್ತದೆಂಬ ತೀರ್ಮಾನಕ್ಕೆ ಬರುವವರೊಡನೆ ನಮಗೆ ಭಿನ್ನಾಭಿಪ್ರಾಯವಿದೆ. ಇದು ನಮ್ಮ ಶಾಸ್ತ್ರಕ್ಕೆ ಸಂಬಂಧಪಟ್ಟ ಆಕ್ಷೇಪಣೆ. ಎನ್.ಐ.ಎಚ್. ತಾನು ಹಣ ಕೊಟ್ಟ ಯೋಜನೆಗಳ ಪಟ್ಟಿಯನ್ನು ಪ್ರಕಟಿಸುತ್ತದೆ. ತಿರಸ್ಕೃತವಾದ ಅರ್ಜಿಗಳು ಗೋಪ್ಯವಾಗಿಯೇ ಉಳಿಯುತ್ತವೆ. ಗೆದ್ದವರ ಶಾಸನಗಳನ್ನು ಮಾತ್ರ ಓದಿ ರಾಜ್ಯದ ಚರಿತ್ರೆ ಬರೆದಂತೆ ಆಗುವುದು ನಮ್ಮ ಸ್ಥಿತಿ. ಪ್ರಾಷರ್ ಅವರನ್ನು ಚಾಲ್ಫಿ, ಚಿಯೆನ್ ಇಬ್ಬರೂ ತಮ್ಮ ವೆಚ್ಚದಲ್ಲಿ ಸ್ಟಾಕ್‌ಹೋಮಿಗೆ ಕರೆಸಿಕೊಂಡರು. 2012ರಿಂದ 2015ರವರೆಗೆ ಅವರು ಸ್ಯಾನ್ ಡಿಯೆಗೊದಲ್ಲಿ ಚಿಯೆನ್ ಅವರ ಪ್ರಯೋಗಶಾಲೆಯಲ್ಲಿ ಕೆಲಸವನ್ನೂ ಮಾಡಿದರು. ಅವರ ಜೀನು ಬೇರೆಯವರ ಕೈಯಲ್ಲಿ ಬೆಳಗದೆ ಹೋಗಿದ್ದರೆ, 1992ರಲ್ಲಿ ವುಡ್ಸ್ ಹೋಲ್‌ನ ಕೊಠಡಿಯೊಂದನ್ನು ತೆರವು ಮಾಡಿದ ವಿಜ್ಞಾನಿಯ ಹೆಸರು ನಮಗೆ ಯಾವ ದಾಖಲೆಯಲ್ಲಿ ಸಿಕ್ಕುತ್ತಿತ್ತೆಂಬುದು ನಮಗೆ ತೋರದು.