ಹೊರುವವರು

ಹೊರುವವರು ಎಂದರೆ ವಸ್ತುವನ್ನಾಗಲಿ, ವ್ಯಕ್ತಿಯನ್ನಾಗಲಿ, ದೇವರ ಮೂರ್ತಿ ಅಥವಾ ಲಾಂಛನವನ್ನಾಗಲಿ ಹೆಗಲು, ತಲೆ, ಬೆನ್ನು ಅಥವಾ ಕೈಗಳ ಮೇಲೆ ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವವರು. ಉತ್ಸವ, ಶವಸಂಸ್ಕಾರ ಮತ್ತು ಯುದ್ಧಗಳಲ್ಲಿ ಅವರಿಗೆ ಗೊತ್ತುಪಡಿಸಿದ ಪಾತ್ರವಿದೆ. ಕರ್ನಾಟಕದ ಸಾಮಾಜಿಕ ಚರಿತ್ರೆಯಲ್ಲಿ ಇದೇ ಕ್ರಿಯೆ ಕೆಲವರಿಗೆ ಗೌರವವಾಗಿಯೂ ಕೆಲವರಿಗೆ ಬಿಡಿಸಿಕೊಳ್ಳಲಾಗದ ಜಾತಿಕಸುಬಾಗಿಯೂ ಒದಗಿದೆ. ವ್ಯತ್ಯಾಸ ಭಾರದ ತೂಕದಲ್ಲಿ ಇರಲಿಲ್ಲ. ಹೊರುವವನು ಯಾರು, ಹೊರಿಸುವವನು ಯಾರು ಎಂಬುದರಲ್ಲಿ ಇತ್ತು.

ಪದವಿಚಾರ

'ಹೊರು' ಎಂಬ ಕ್ರಿಯಾಪದದಿಂದ 'ಹೊರೆ' ಎಂಬ ನಾಮಪದ ಬಂದಿದೆ. ಹುಲ್ಲುಹೊರೆ, ತಲೆಹೊರೆ, ಕರಾವಳಿಯ ದೇವಸ್ಥಾನಗಳಿಗೆ ಸಲ್ಲುವ ಹೊರೆಕಾಣಿಕೆ, ಎಲ್ಲವೂ ಇದರ ಬಳಗವೇ. ತಾಯಿಯನ್ನು 'ಹೊತ್ತು ಹೆತ್ತವಳು' ಎನ್ನುವಾಗಲೂ ಬಳಕೆಯಾಗುವುದು ಇದೇ ಧಾತು. ತಮಿಳುನಾಡು ಮತ್ತು ಕೇರಳಗಳಲ್ಲಿ ದಾರಿಹೋಕರು ತಲೆಹೊರೆ ಇಳಿಸಿ ದಣಿವಾರಿಸಿಕೊಳ್ಳಲು ಆಳೆತ್ತರದ ಕಲ್ಲುಗಳನ್ನು ನಿಲ್ಲಿಸುತ್ತಿದ್ದರು. ಹೆರಿಗೆಗೆ ಮುನ್ನವೇ ತೀರಿಕೊಂಡ ಗರ್ಭಿಣಿಯರ ನೆನಪಿಗೆ ಅವನ್ನು ನಿಲ್ಲಿಸುವ ವಾಡಿಕೆಯಿತ್ತು. ಬಸುರನ್ನೂ ಹೊರೆಯನ್ನೂ ಒಂದಾಗಿ ಕಂಡ ದೃಷ್ಟಿ ಅಲ್ಲಿಯೂ ಇದೆ.

ಪಲ್ಲಕ್ಕಿ ಹೊರುವವರನ್ನು ಉತ್ತರ ಕರ್ನಾಟಕದಲ್ಲಿ ಬೋಯಿ ಅಥವಾ ಭೋಯಿ ಎಂದು ಕರೆಯುತ್ತಿದ್ದರು. ಹಳೆಯ ಮೈಸೂರು ಸೀಮೆಯಲ್ಲಿ ಈ ಕೆಲಸ ಹೆಚ್ಚಾಗಿ ಮೀನುಗಾರಿಕೆಯ ಬೆಸ್ತರದಾಗಿತ್ತು. ಇಂಗ್ಲಿಷರು 'ಬೋಯಿ' ಎಂಬ ಪದವನ್ನು ಹುಡುಗ ಎಂಬರ್ಥದ ತಮ್ಮ 'ಬಾಯ್' ಪದದೊಂದಿಗೆ ಬೆರೆಸಿಕೊಂಡರು. ಹೀಗಾಗಿ ನಡುವಯಸ್ಸು ದಾಟಿದ ಹೊರೆಯಾಳೂ ಅವರ ಬಾಯಲ್ಲಿ ಹುಡುಗನಾದನು.

ಉತ್ಸವಗಳಲ್ಲಿ

ಬೆಳಗಾವಿ ಜಿಲ್ಲೆಯ ಮೂಡಲಗಿ ತಾಲ್ಲೂಕಿನ ಕಲ್ಲೋಳಿ ಹನುಮಂತ ದೇವರ ಗುಡಿಯಿಂದ ಹೆಸರಾದ ಊರು. ಸಂಜೀವಿನಿಗಾಗಿ ಬೆಟ್ಟವನ್ನೇ ಹೊತ್ತು ತಂದ ಹನುಮಂತನು ಪುರಾಣಲೋಕದ ಹೊರುವವರಲ್ಲಿ ಮೊದಲಿಗನು ಎನ್ನಬಹುದು. ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಜಾತ್ರೆಗಳಲ್ಲಿ ಪಲ್ಲಕ್ಕಿಯ ಮೆರವಣಿಗೆ ಮುಖ್ಯ ಅಂಗ. ಬೀರಪ್ಪ, ಮಾಳಿಂಗರಾಯ ಮೊದಲಾದ ಹಾಲುಮತದ ದೈವಗಳ ಜಾತ್ರೆಗಳಲ್ಲಿ ಬೇರೆ ಬೇರೆ ಊರಿನ ಪಲ್ಲಕ್ಕಿಗಳು ಒಂದೆಡೆ ಸೇರಿ 'ಭೇಟಿ'ಯಾಗುತ್ತವೆ. ಭಂಡಾರದ ಹಳದಿಯಲ್ಲಿ ಮುಳುಗಿ ಪಲ್ಲಕ್ಕಿ ಹೊತ್ತವನು ಆ ಹೊತ್ತಿಗೆ ದೇವರಿಗೆ ಅತ್ಯಂತ ಸಮೀಪದವನು. ಯಾವ ಮನೆತನ ಹೆಗಲು ಕೊಡಬೇಕು ಎಂಬುದು ಸಾಮಾನ್ಯವಾಗಿ ವಂಶಪಾರಂಪರ್ಯವಾಗಿ ಗೊತ್ತಾಗಿರುತ್ತದೆ.

ಪಲ್ಲಕ್ಕಿ ಹೊರಲು ಬಲವೊಂದೇ ಸಾಲದು. ಹೊರುವವರ ಎತ್ತರ ಹೊಂದಬೇಕು. ಇಲ್ಲವಾದರೆ ಭಾರವೆಲ್ಲ ಎತ್ತರದವನ ಹೆಗಲಿಗೆ ಬೀಳುತ್ತದೆ. ಎಲ್ಲರೂ ಏಕಕಾಲಕ್ಕೆ ಒಂದೇ ಕಾಲನ್ನು ಎತ್ತಿಟ್ಟರೆ ದಂಡಿಗೆ ಕುಪ್ಪಳಿಸಿ ಒಳಗಿರುವವರಿಗೆ ಧಕ್ಕೆಯಾಗುತ್ತದೆ. ಆದ್ದರಿಂದ ಒಬ್ಬನು ಎಡಗಾಲು ಇಟ್ಟಾಗ ಮತ್ತೊಬ್ಬನು ಬಲಗಾಲು ಇಡುವ ಕ್ರಮವಿದೆ. ಹೆಗಲು ಬದಲಿಸುವುದೂ ಸಂಜ್ಞೆಯಿಂದಲೇ ನಡೆಯುತ್ತದೆ.

ಪಂಚಪೀಠಗಳ ಪರಂಪರೆಯಲ್ಲಿ ಜಗದ್ಗುರುಗಳನ್ನು ಅಡ್ಡಪಲ್ಲಕ್ಕಿಯಲ್ಲಿ ಮೆರೆಸುವ ಪದ್ಧತಿಯಿದೆ. ಇದರಲ್ಲಿ ಪಲ್ಲಕ್ಕಿಯು ದಾರಿಗೆ ಅಡ್ಡವಾಗಿ ಸಾಗುವುದರಿಂದ ಬೀದಿಯ ಅಗಲವನ್ನೆಲ್ಲ ಆವರಿಸುತ್ತದೆ. ಮನುಷ್ಯನನ್ನು ಮನುಷ್ಯನು ಹೊರುವುದು ಸಲ್ಲದು ಎಂಬ ಕಾರಣಕ್ಕೆ ಇದಕ್ಕೆ ವಿರೋಧವೂ ಬಂದಿದೆ. ಭಕ್ತರು ಇದನ್ನು ಸೇವೆ ಎನ್ನುತ್ತಾರೆ.

ಸವದತ್ತಿಯ ಯಲ್ಲಮ್ಮನ ಸಂಪ್ರದಾಯದಲ್ಲಿ ಜೋಗತಿಯರು ದೇವಿಯ ಮೂರ್ತಿಯನ್ನಿಟ್ಟ ಬುಟ್ಟಿಯನ್ನು ತಲೆಯ ಮೇಲೆ ಹೊರುತ್ತಾರೆ. ಇದಕ್ಕೆ 'ಜಗ' ಎಂದು ಹೆಸರು. ಜಗ ಹೊತ್ತವಳಿಗೆ ಜನರು ಕೈಮುಗಿಯುತ್ತಾರೆ. ಆದರೆ ಅದೇ ಪರಂಪರೆಯ ಇನ್ನೊಂದು ಮುಖವಾದ ಮುತ್ತು ಕಟ್ಟುವ ಪದ್ಧತಿಯಿಂದ ಬಡ ದಲಿತ ಕುಟುಂಬಗಳ ಹೆಣ್ಣುಮಕ್ಕಳ ಬಾಳು ಹಾಳಾಯಿತು. ಕರ್ನಾಟಕ ಸರ್ಕಾರವು 1982ರ ಕಾಯಿದೆಯಿಂದ ಅದನ್ನು ನಿಷೇಧಿಸಿತು.

ಬೆಂಗಳೂರು ಕರಗದಲ್ಲಿ ತಿಗಳ ಸಮುದಾಯದ ಪುರುಷನು ಸ್ತ್ರೀವೇಷ ಧರಿಸಿ, ಮಲ್ಲಿಗೆಯ ಕರಗವನ್ನು ಕೈಯಿಂದ ಹಿಡಿಯದೆ ತಲೆಯ ಮೇಲೆ ಹೊತ್ತು ಸಾಗುತ್ತಾನೆ. ಮೆರವಣಿಗೆ ಮಸ್ತಾನ್ ಸಾಹೇಬರ ದರ್ಗಾಕ್ಕೂ ಭೇಟಿ ಕೊಡುತ್ತದೆ. ಉತ್ತರ ಕರ್ನಾಟಕದ ಹಲವು ಹಳ್ಳಿಗಳಲ್ಲಿ ಮೊಹರಂ ಅಲಾಯಿ ದೇವರುಗಳನ್ನು ಹಿಂದೂಗಳೂ ಹೊರುತ್ತಾರೆ. ಸೊಲ್ಲಾಪುರದಲ್ಲಿ ಮಕರ ಸಂಕ್ರಾಂತಿಯ ಸಿದ್ಧರಾಮೇಶ್ವರ ಯಾತ್ರೆಗೆ ಏಳು ನಂದಿಧ್ವಜಗಳು ಹೊರಡುತ್ತವೆ.

ಮೈಸೂರು ದಸರೆಯಲ್ಲಿ ಸುಮಾರು 750 ಕಿಲೋಗ್ರಾಂ ತೂಕದ ಅಂಬಾರಿಯನ್ನು ಹೊರುವುದು ಆನೆ. 2012ರಿಂದ 2019ರವರೆಗೆ ಈ ಕೆಲಸ ಮಾಡಿದ ಅರ್ಜುನನಿಗೆ ಅರವತ್ತು ದಾಟಿದ ಆನೆಗಳ ಮೇಲೆ ಭಾರ ಹೊರಿಸಬಾರದೆಂಬ ನಿಯಮದಂತೆ ವಿಶ್ರಾಂತಿ ದೊರೆಯಿತು. ಆದರೆ ಕಾಡಾನೆ ಸೆರೆಯ ಕಾರ್ಯಾಚರಣೆಗೆ ಅದನ್ನು ಕರೆದೊಯ್ಯಲಾಯಿತು. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಅರಣ್ಯದಲ್ಲಿ ಕಾಡಾನೆಯೊಂದಿಗಿನ ಕಾಳಗದಲ್ಲಿ ಅದು ಸತ್ತಿತು.

ಶವ ಹೊರುವುದು

ಶವವನ್ನು ಚಟ್ಟ ಅಥವಾ ಸಿದಿಗೆಯ ಮೇಲೆ ನಾಲ್ವರು ಹೊರುವುದು ಸಾಮಾನ್ಯ ರೂಢಿ. ಲಿಂಗಾಯತರಲ್ಲಿ ಶವವನ್ನು ಕುಳಿತ ಭಂಗಿಯಲ್ಲಿ, ಅಲಂಕರಿಸಿದ ವಿಮಾನದಲ್ಲಿಟ್ಟು ಒಯ್ಯುತ್ತಾರೆ. ಕೊನೆಗೆ ಹೊರಲು ನಾಲ್ಕು ಜನ ಬೇಕು ಎಂಬ ಮಾತು ಊರಿನೊಡನೆ ಹೊಂದಿ ಬಾಳಬೇಕೆಂಬ ಎಚ್ಚರಿಕೆಯಾಗಿ ಬಳಕೆಯಲ್ಲಿದೆ. 2020 ಮತ್ತು 2021ರ ಕೋವಿಡ್ ದಿನಗಳಲ್ಲಿ ಬಂಧುಗಳೇ ಬರಲಾಗದಿದ್ದಾಗ, ಜಾತಿ ಮತಗಳ ಗೊಡವೆಯಿಲ್ಲದೆ ಸ್ವಯಂಸೇವಕರು ಈ ಹೆಗಲು ಕೊಟ್ಟರು.

ಬಲವಂತದ ಹೊರೆ

ಹೊರುವ ಕೆಲಸಗಳಲ್ಲಿ ಅತ್ಯಂತ ಹೀನಾಯವಾದುದು ತಲೆಯ ಮೇಲೆ ಮಲ ಹೊರುವ ಪದ್ಧತಿ. ಇದು ಜಾತಿಯ ಹೆಸರಿನಲ್ಲಿ ಹೇರಿದ ಕೆಲಸ. 1970ರ ದಶಕದ ಆರಂಭದಲ್ಲಿ ದೇವರಾಜ ಅರಸು ಅವರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಕರ್ನಾಟಕದಲ್ಲಿ ಇದನ್ನು ನಿಷೇಧಿಸಿದರು. ಕೇಂದ್ರದ ಕಾಯಿದೆಗಳು ಬಂದದ್ದು 1993 ಮತ್ತು 2013ರಲ್ಲಿ. ಆದರೂ 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು.

ಯುದ್ಧದಲ್ಲಿ

ಹಿಂದೆ ಧ್ವಜ ಹೊರುವವನು ಸೈನ್ಯದ ಗುರುತಾಗಿದ್ದನು. ಕಲ್ಲೋಳಿಯಲ್ಲಿ 13ನೆಯ ಶತಮಾನದ ಆರಂಭದ ರಟ್ಟರ ಕಾಲದ ಶಾಸನವಿದೆ. ಸವದತ್ತಿ ಹಾಗೂ ಬೆಳಗಾವಿಯಿಂದ ಆಳಿದ ಈ ರಟ್ಟರು ಸುವರ್ಣಗರುಡಧ್ವಜದವರೆಂದು ಬಿರುದು ಹೊಂದಿದ್ದರು. ಗದ್ದಲದ ರಣರಂಗದಲ್ಲಿ ಸೈನಿಕನಿಗೆ ತನ್ನವರು ಎಲ್ಲಿದ್ದಾರೆಂದು ತಿಳಿಸುತ್ತಿದ್ದುದು ಬಾವುಟವೇ. ಆದ್ದರಿಂದ ಶತ್ರುವಿನ ಮೊದಲ ಗುರಿ ಅದನ್ನು ಹೊತ್ತವನು. ಅವನ ಎರಡೂ ಕೈಗಳಿಗೆ ಕೆಲಸವಿದ್ದುದರಿಂದ ಆತ್ಮರಕ್ಷಣೆಯೂ ಕಷ್ಟ. ದೂರ ಹೊಡೆಯುವ ಬಂದೂಕುಗಳು ಬಂದ ಮೇಲೆ ಬಾವುಟ ಕವಾಯತಿನ ಮೈದಾನಕ್ಕೆ ಸರಿಯಿತು.

ಮಡಿದ ವೀರನನ್ನು ಹೊರುವವರು ವೀರಗಲ್ಲುಗಳಲ್ಲಿ ಕಾಣುತ್ತಾರೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಕೈಲಾಸ: ಇದು ಸಾಮಾನ್ಯ ವಿನ್ಯಾಸ.

ಗಾಯಾಳುಗಳನ್ನು ಹೊರುವವರಿಗೆ ಇಂತಹ ಕಲ್ಲುಗಳಿಲ್ಲ. ಬ್ರಿಟಿಷರ ಭಾರತೀಯ ಸೇನೆಯಲ್ಲಿ ಡೋಲಿ ಹೊರುವವರು ಗುಂಡುಗಳ ನಡುವೆಯೇ ದುಡಿದರೂ ಅವರನ್ನು ಸೈನಿಕರೆಂದು ಎಣಿಸುತ್ತಿರಲಿಲ್ಲ. 1864ರ ಜಿನೀವಾ ಒಪ್ಪಂದವು ಗಾಯಾಳುಗಳನ್ನು ಸಾಗಿಸುವವರಿಗೆ ತಟಸ್ಥರ ರಕ್ಷಣೆ ನೀಡಿತು. 1899ರಲ್ಲಿ ದಕ್ಷಿಣ ಆಫ್ರಿಕದ ಬೋಯರ್ ಯುದ್ಧ ಆರಂಭವಾದಾಗ ಗಾಂಧೀಜಿಯವರು ಕಟ್ಟಿದ ಭಾರತೀಯ ತಂಡದಲ್ಲಿ ಸುಮಾರು 1,100 ಮಂದಿ ಇದ್ದರು. ಅವರಲ್ಲಿ ಹೆಚ್ಚಿನವರು ಕರಾರು ಕೂಲಿಗಳು. ಗಾಯಾಳುಗಳನ್ನು ಹೊತ್ತು ದಿನಕ್ಕೆ 20ರಿಂದ 25 ಮೈಲಿ ನಡೆದದ್ದನ್ನು ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಹೇಳಿದ್ದಾರೆ.

ಡೋಲಿ ಇನ್ನೂ ಹಳೆಯ ಕಾಲದ ವಸ್ತುವಾಗಿಲ್ಲ. ಬೆಳಗಾವಿ ಜಿಲ್ಲೆಯದೇ ಆದ ಖಾನಾಪುರ ತಾಲ್ಲೂಕಿನ ದಟ್ಟ ಕಾಡಿನ ಊರುಗಳಲ್ಲಿ ಮಳೆಗಾಲದಲ್ಲಿ ರಸ್ತೆಯಿಲ್ಲದೆ ರೋಗಿಗಳನ್ನು ಕಟ್ಟಿಗೆಯ ಡೋಲಿಯಲ್ಲಿ ಹಲವು ಕಿಲೋಮೀಟರ್ ಹೊತ್ತು ತಂದ ಸುದ್ದಿ ಈಚಿನ ವರ್ಷಗಳಲ್ಲೂ ಬಂದಿದೆ.

ನಿಸರ್ಗದಲ್ಲಿ

ಇರುವೆ ತನ್ನ ತೂಕದ ಹಲವು ಪಟ್ಟು ಭಾರ ಒಯ್ಯುತ್ತದೆ. ತಾಯಿಚೇಳು ಮರಿಗಳನ್ನು ಬೆನ್ನ ಮೇಲೆ ಹೊರುತ್ತದೆ. ಕೆಲವು ನೀರುತಿಗಣೆಗಳಲ್ಲಿ ಹೆಣ್ಣು ಗಂಡಿನ ಬೆನ್ನಿಗೆ ಮೊಟ್ಟೆ ಅಂಟಿಸುತ್ತದೆ. ಮರಿಯಾಗುವವರೆಗೆ ಹೊರುವುದು ಗಂಡಿನ ಪಾಲು. ದರೋಜಿ ಕರಡಿಧಾಮದಲ್ಲಿ ಕಾಣುವ ಕರಡಿಯು ಮರಿಗಳನ್ನು ಬೆನ್ನ ಮೇಲೇರಿಸಿಕೊಂಡು ತಿರುಗುತ್ತದೆ. ಇತರ ಕರಡಿ ಜಾತಿಗಳಲ್ಲಿ ಇದು ರೂಢಿಯಲ್ಲ. ಈ ಕರಡಿಯ ಜೋಲುಗೂದಲು ಮರಿಗಳಿಗೆ ಹಿಡಿತ ಕೊಡುತ್ತದೆ.

ಸಸ್ಯಗಳು ಬೀಜ ಹೊರಲು ಅನ್ಯರನ್ನು ಹುಡುಕುತ್ತವೆ. ಉತ್ತರಾಣಿಯ ಕಾಳು ಕುರಿಯ ಉಣ್ಣೆಗೂ ರೈತನ ಧೋತರದ ಅಂಚಿಗೂ ಸಮನಾಗಿ ಅಂಟುತ್ತದೆ. ಬದುವಿನ ಮೇಲೆ ಕುಳಿತು ಅದನ್ನು ಕಿತ್ತೆಸೆದಲ್ಲಿ ಮುಂದಿನ ಮಳೆಗೆ ಗಿಡ ಮೊಳೆಯುತ್ತದೆ.